ಬಿದಿರ ಪುಡಿಯ ಕರಪತ್ರ

ನನ್ನ ಹೆಸರು ಚಂದ್ರಮತಿ, ತಂದೆ ರಾಚಯ್ಯ, ವಯಸ್ಸು 23, ಬಿ.ಎ. ಪದವೀಧರೆ, ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ, ವಾಸ ಹರದನಹಳ್ಳಿ, ಚಾಮರಾಜನಗರ ತಾಲ್ಲೂಕು. ಠಾಣೆಗೆ ನಾನಾಗಿಯೇ ಬಂದು ಬರೆಸುವುದೇನೆಂದರೆ,

ನನ್ನ ದೊಡ್ಡಮ್ಮ ಚಿಕ್ಕನಿಂಗಮ್ಮ, 52 ವರ್ಷ, ನಮ್ಮ ಮನೆಯಲ್ಲೇ ಇದ್ದರು. 3-12-1997ರಿಂದ ಕ್ಷಯಕ್ಕೆ ಸರ್ಕಾರಿ ಆಸ್ಪತ್ರೆಯ ಮಾತ್ರೆ ನುಂಗುತ್ತಿದ್ದರು. ಹದಿನೈದು ದಿನಕ್ಕೆ ಕೆಮ್ಮು ಇಳಿಯಿತು, ಮಂಡಿನೋವು ಶುರುವಾಯಿತು.

12-1-1998ರ ಬೆಳಿಗ್ಗೆ 11 ಗಂಟೆಗೆ ಗುಂಡ್ಲುಪೇಟೆಯ ಶಿವರುದ್ರಸ್ವಾಮಿ ಎಂಬುವರು ಮುದ್ರಣಾಲಯಕ್ಕೆ ಬಂದು, ಅಲ್ಲಿನ ಮದ್ದೂರು ಕಾಡಿನ ಬಿದಿರಿನೊಳಗೆ ಸಿಗುವ ಬಿಳಿ ಹರಳನ್ನು ಪುಡಿಮಾಡಿ ಮಾರುತ್ತಿರುವುದಾಗಿಯೂ, ಅದು ಕೂದಲು, ಚರ್ಮ, ಕೀಲುಗಳಿಗೆ ಒಳ್ಳೆಯದೆಂದೂ, ಕರಪತ್ರ ಬರೆದುಕೊಡಬೇಕೆಂದೂ ಹೇಳಿದರು. ಬರೆದೆ. ಕೊನೆಯ ಸಾಲು, ‘ಇದಿದ್ದ ಮನೆಗೆ ಬೇರೆ ಮದ್ದಿನ ಹಂಗಿಲ್ಲ.’ ಅದು ಅವರು ಹೇಳಿದ್ದಲ್ಲ. ಓದಲು ಚೆನ್ನಾಗಿರುತ್ತದೆಂದು ನಾನು ಸೇರಿಸಿದ್ದು. ಅವರು ಸಂತೋಷಪಟ್ಟು ಒಂದು ಡಬ್ಬಿ ಪುಡಿ ಕೊಟ್ಟರು.

14-1-1998ರ ಸಂಜೆ 6.30ಕ್ಕೆ ಜಗುಲಿಯ ಮೇಲೆ ದೊಡ್ಡಮ್ಮನಿಗೂ ಪಕ್ಕದ ಮನೆಯ ಪುಟ್ಟಸಿದ್ದಮ್ಮನವರಿಗೂ ಕರಪತ್ರ ಓದಿದೆ. ಇಬ್ಬರಿಗೂ ಓದು ಬಾರದು. ದೊಡ್ಡಮ್ಮ, “ಕೂದ್ಲೂ ಬೆಳೆದ್ರೆ ನಂಗಿನ್ನೊಂದ್ ಮದ್ವೆ ಮಾಡ್ಬುಡ್ರಮ್ಮಿ” ಎಂದು ನಗಿಸಿದರು. ಮರುದಿನದಿಂದ ಪುಡಿ ತಿಂದರು, ಮಾತ್ರೆ ಬಿಟ್ಟರು. ಗೂಡಿನಲ್ಲಿ ಮಾತ್ರೆ ಹಾಗೇ ಇದ್ದದ್ದನ್ನು ನಾನು ನೋಡಿದೆ. ಕೇಳಲಿಲ್ಲ. ಎಂಟು ದಿನಕ್ಕೆ ಮಂಡಿನೋವು ಹೋಯಿತು. 200 ಗಜ ದೂರದ ಬೋರ್‌ವೆಲ್‌ನಿಂದ ಕೊಡ ಹೊತ್ತು ಬಂದರು. ಬೀದಿಯವರೆಲ್ಲ ಪುಡಿ ತರಿಸಿದರು.

ಏಪ್ರಿಲ್‌ನಲ್ಲಿ ಕೆಮ್ಮು ಮರಳಿತು. 15-6-1998ರಂದು ರಕ್ತ ಬಂದು ಆಸ್ಪತ್ರೆಗೆ ಸೇರಿಸಿದೆವು. ಮಂಡಿನೋವು ಬಂದಿದ್ದು ಮಾತ್ರೆಯಿಂದ, ಹೋಗಿದ್ದು ಮಾತ್ರೆ ಬಿಟ್ಟಿದ್ದರಿಂದ, ಪುಡಿಯಿಂದಲ್ಲ ಎಂದು ಡಾಕ್ಟರು ತಿಳಿಸಿದರು. 17ರ ಬೆಳಿಗ್ಗೆ 5.10ಕ್ಕೆ ದೊಡ್ಡಮ್ಮ ತೀರಿಕೊಂಡರು.

ಪುಟ್ಟಸಿದ್ದಮ್ಮನವರಿಗೂ ಅದೇ ಕಾಯಿಲೆ. ಅವರೂ ಪುಡಿ ನಂಬಿ ಎರಡು ತಿಂಗಳಿಂದ ಆಸ್ಪತ್ರೆಯ ಮಾತ್ರೆ ಬಿಟ್ಟಿದ್ದಾರೆ. ನಿನ್ನೆ ಮೂರು ಸಲ ಹೋಗಿ ಮಾತ್ರೆ ನುಂಗಿರೆಂದು ಬೇಡಿಕೊಂಡೆ. “ನಿಮ್ ದೊಡ್ಡವ್ವ ಕೊಡ ಹೊತ್ತಿದ್ದನ್ನ ನಾನೇ ಕಂಡಿವ್ನಿ. ಓದಿ ಏಳ್ದೋಳೂ ನೀನೇ. ಈಗ್ಯಾಕಮ್ಮಿ ಬ್ಯಾಡ ಅಂದೀಯೆ?” ಎಂದು ಬಾಗಿಲು ಹಾಕಿಕೊಂಡರು. ರಾತ್ರಿಯೆಲ್ಲ ಅವರು ಕೆಮ್ಮುವುದು ಗೋಡೆಯಾಚೆಯಿಂದ ನಮಗೆ ಕೇಳಿಸಿತು.

ಶಿವರುದ್ರಸ್ವಾಮಿಯವರು ಸಂತೆಮರಹಳ್ಳಿ ಸಂತೆಯಲ್ಲಿ ಈಗಲೂ ಆ ಕರಪತ್ರ ಹಂಚುತ್ತಿರುವುದನ್ನು ನಿಲ್ಲಿಸಬೇಕು. ನನ್ನ ಮೇಲೆ ಯಾವ ಕ್ರಮವಾದರೂ ಆಗಲಿ. ಅದಕ್ಕೆ ಮೊದಲು, ಸಮವಸ್ತ್ರದಲ್ಲಿರುವವರು ಯಾರಾದರೂ ಇಂದೇ ಪುಟ್ಟಸಿದ್ದಮ್ಮನವರ ಮನೆಗೆ ಬಂದು ಮಾತ್ರೆ ನುಂಗಿರೆಂದು ಹೇಳಬೇಕು. ನನ್ನ ಮಾತನ್ನು ಅವರು ಕೇಳುವುದಿಲ್ಲ.

ಬರೆದುಕೊಂಡಿದ್ದನ್ನು ಓದಿ ನೋಡಿದ್ದೇನೆ. ನಾನು ಹೇಳಿದಂತೆಯೇ ಇದೆ, ನಿಜವಾಗಿದೆ.

ಸ್ಥಳ: ಚಾಮರಾಜನಗರ
ದಿನಾಂಕ: 22-6-1998, ಬೆಳಿಗ್ಗೆ 9.40
ಸಹಿ: ಚಂದ್ರಮತಿ