ಬಲಗೈಗೆ ಕಟ್ಟಿದ ಚೀಲ

ತಲೆಗೆ ಪೆಟ್ಟಾದವರ ಚೇತರಿಕೆಯ ಬಗ್ಗೆ ಸಂಶೋಧನೆ ನಡೆಸುವ ವಿಭಾಗದ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಅತ್ತೆ ಸೊಸೆ ಪಿಸುಗುಡುತ್ತಿದ್ದರು.

“ಡಾಕ್ಟರಿಗೆ ಹೇಳ್ಬೇಡಿ ಅತ್ತೆ, ಬೈತಾರೆ. ಸ್ವಾಧೀನ ತಪ್ಪಿದ ಎಡಗೈಗೇ ಕೆಲಸ ಬೀಳ್ಲಿ ಅಂತ ಬಲಗೈಗೆ ಚೀಲ ಕಟ್ಟಿದ್ರಲ್ಲ, ಅದನ್ನ ನಿಮ್ಮ ಮಗ ತೆಗೆದುಹಾಕಿದ್ದಾರೆ.”

“ಹುಟ್ಟಾ ಮೊಂಡ! ನೀನ್ಯಾಕೆ ಬಿಚ್ಚಿಕೊಟ್ಟೆ?”

“ನಾನೆಲ್ಲಿ? ನಾನು ಸ್ನಾನ ಮುಗಿಸಿ ಬರೋಷ್ಟರಲ್ಲಿ ಬಲಗೈಲಿ ಆರಾಮಾಗಿ ಕಾಫಿ ಕುಡೀತಾ ಕೂತಿದ್ರು.”

“ಮನೇಲಿ ಬೇರೆ ಯಾರಿದ್ರು?”

“ಯಾರೂ ಇಲ್ಲ.”

“ಹಲ್ಲಲ್ಲಿ ಕಚ್ಚಿ ಎಳೆದ್ನೋ ಏನೋ.”

“ಚೀಲದ ಬಕಲ್ಲು ಮೊಣಕೈ ಹಿಂದೆ ಇದೆ, ಬಾಯಿಗೆಲ್ಲಿ ಎಟುಕುತ್ತೆ?”

ಅತ್ತೆ ತಟ್ಟನೆ ಸೊಸೆಯ ಕಡೆ ತಿರುಗಿದರು.

“ಹಾಗಾದ್ರೆ ಬಿಚ್ಚಿದ್ದು ಯಾವ ಕೈ ಕಣೇ?”

ಸೊಸೆ ತನ್ನ ಎಡಗೈಯನ್ನು ಬಲ ಮೊಣಕೈ ಹಿಂದಕ್ಕೆ ಚಾಚಿ ನೋಡಿದಳು.

“ಏಳು, ಏಳೇ! ಬೈದ್ರೆ ಬೈಸ್ಕೊಳ್ಳೋಣ!”

ಸರದಿ ಕೂಗುವ ಮೊದಲೇ ಇಬ್ಬರೂ ಡಾಕ್ಟರ ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದರು.