ಸಾಹೇಬ್ರಿಗೆ ಹಾಸಿದ ಕುವೈತ್ ರಗ್ಗು

...ಅಲ್ಲಬೇ, ರೇಷನ್ ಕಾರ್ಡ್ ಹೋಗಿದ್ದು ನನ್ನ ತಪ್ಪಿಂದ, ನಾ ಇಲ್ಲ ಅನ್ನಂಗಿಲ್ಲ. ತಡೀರಿ ಮೊಮ್ಮಕ್ಕಳ್ರಾ, ಹೇಳ್ತೀನಿ, ಅದನ್ನ ನೆನಸಿದ್ರ ನಂಗ ಒಂದ ಕಡಿ ಕುಂದ್ರಾಕ ಆಗಂಗಿಲ್ಲ. ನಿಮ್ಮ ಮುತ್ಯಾ ಮನಿ ಕಟ್ಟೋ ಗೌಂಡಿ ಕೆಲಸಕ್ಕ ಕುವೈತಿಗೆ ಹೋಗಿ ವರ್ಷ ಆಗಿತ್ತು, ಅಲ್ಲ, ವರ್ಷದ ಮ್ಯಾಲ ಆಗಿತ್ತು. ಅವ ಕಳಿಸೋ ರೊಕ್ಕ ಎಲ್ಲ ಹೋಗೋ ಮುಂದ ಮಾಡಿದ ಸಾಲಕ್ಕ ಹೋಗ್ತಿತ್ತು. ನಿಮ್ಮವ್ವ ಇನ್ನೂ ಸಣ್ಣ ಹುಡುಗಿ, ಅಕಿಗೆ ಟಿಬಿ. ಇಲ್ಲೇ ಮಾನ್ವ್ಯಾಗ ಹೊರದೇಶದವ್ರ ರೊಕ್ಕದಾಗ ನಡಿಯೋ ಒಂದು ದವಾಖಾನಿ ಇತ್ತು, ಗುಳಿಗಿ ಜೊತಿ ತತ್ತಿ, ಹಾಲಿನ ಪುಡಿ ಕೊಡ್ತಿದ್ರು. ರೇಷನ್ ಅಂಗಡಿ ಅಕ್ಕಿ ಇತ್ತು. ಹೊಟ್ಟಿ ತುಂಬ ಉಂಡ್ರನ ಗುಳಿಗಿ ಹತ್ತತದ, ಇಲ್ಲಂದ್ರ ಹುಡುಗಿ ಉಳಿಯಂಗಿಲ್ಲ ಅಂದಿದ್ರು.

ಒಂದಿನ ಕಾರ್ಡ್ ತಪಾಸಣಿ ಮಾಡೋ ಸಾಹೇಬ ಬಂದ, ಅವ ಯಾರಂತ ಆಗ ನಂಗ ಗೊತ್ತಿಲ್ಲ. ಮನಿಗೆ ಬಂದವ್ರಿಗೆ ಹರಕ ಚಾಪಿ ಹಾಸಬೇಕೇನು? ಮುತ್ಯಾ ಕಳಿಸಿದ ರಗ್ಗು ಇತ್ತು, ಹುಲಿ ಚಿತ್ರದ್ದು, ಓಣ್ಯಾಗ ಯಾರ ಮನಿಗೆ ಬೀಗರು ಬಂದ್ರೂ ಅದನ್ನ ಇಸಗೊಂಡು ಹೋಗ್ತಿದ್ರು, ಗೊತ್ತೇನು? ಅದನ್ನ ಝಾಡಿಸಿ ಹಾಸ್ದೆ. ಅವ ಕೈಯಾಡಿಸಿ, "ಭಾಳ ಮೆತ್ತಗ ಅದಲ್ಲಬೇ, ಎಲ್ಲಿದು?" ಅಂದ. "ಕುವೈತಿಂದು ಸಾಹೇಬ್ರ! ನಮ್ಮ ಮನಿಯವ್ರು ಅಲ್ಲೇ ಅದಾರ!" ಅಂತ ಹಿಗ್ಗಿ ಹೇಳ್ದೆ. ಚಾ ಕುಡ್ದು ಹೋದ. ಮುಂದಿನ ತಿಂಗಳ ಅಂಗಡಿಗೆ ಹೋದ್ರ, "ನಿಮ್ಮ ಕಾರ್ಡ್ ರದ್ದಾಗ್ಯಾದಬೇ. ಹೊರದೇಶದಾಗ ದುಡಿಯೋರಿಗೆ ಅಕ್ಕಿ ಇಲ್ಲ."

ದವಾಖಾನಿಗೆ ಓಡ್ದೆ. ನರ್ಸಮ್ಮ ಕಣ್ಣಾಗ ನೀರ ತಂದು, "ನಾವೂ ಮುಚ್ಚಾಕತ್ತೀವಿ ಯವ್ವಾ. ರೊಕ್ಕ ಕಳಿಸೋ ಹೊರದೇಶದವ್ರು, ‘ನಿಮ್ಮಲ್ಲಿ ಸರ್ಕಾರನ ಅಕ್ಕಿ ಕೊಡ್ತದ, ನಿಮ್ಮ ಮಂದಿ ಹೊರಗ ದುಡೀತಾರ, ನಾವು ಇನ್ನೂ ಬಡವರ ದೇಶಕ್ಕ ಕೊಡ್ತೀವಿ’ ಅಂತಾರ" ಅಂದ್ಳು. ಎಲ್ಲಿ ಅಕ್ಕಿ! ಮುತ್ಯಾಗ ಫೋನ್ ಹಚ್ಚಿದ್ರ ಅವ ಕಟ್ಟಡದ ಮ್ಯಾಲಿಂದ ಬಿದ್ದು ಕೈ ಮುರಕೊಂಡು ಮಲಗ್ಯಾನ. "ಇಲ್ಲಿ ಪುಕಟ ದವಾಖಾನಿ ಇಲ್ಲಿಯವ್ರಿಗೆ ಅಂತ, ನಾ ಹೊರಗಿನವ" ಅಂದ. ಅಲ್ಲಿ ಅವ ಹೊರಗಿನವ, ಇಲ್ಲಿ ನಾವು ಕುವೈತಿನವ್ರು! ಸಿಟ್ಟು ನೆತ್ತಿಗೇರ್ತು ನೋಡ್ರಿ.

ಮಗಳನ್ನ ಕರಕೊಂಡು ಸೀದಾ ರೇಷನ್ ಆಫೀಸಿಗೆ ಹೋದೆ. ಮನಿಗೆ ಬಂದಿದ್ದ ಅದ ಸಾಹೇಬ ಕುಂತಿದ್ದ. "ಬರ್ರಿ, ಕುರ್ಚಿ ಮ್ಯಾಲ ಕುಂದರ್ರಿ" ಅಂದ. "ಒಲ್ಲೆರೀ, ಕುರ್ಚಿ ಮ್ಯಾಲ ಕುಂತ್ರ ಸಾವ್ಕಾರ್ತಿ ಅಂತ ಬರ್ಕೊತೀರಿ" ಅಂದು ಬಾಗಿಲದಾಗ ನೆಲಕ್ಕ ಕುಂತೆ. ಐದು ದಿನ ಕುಂತೆ, ಅಲ್ಲ, ಆರು. ಹುಡುಗಿ ಕೆಮ್ಮು ಕೇಳಲಾರದ ಕಡೀಗೆ ಕಾರ್ಡ್ ತಿರುಗಿ ಮಾಡಿಕೊಟ್ಟ. ಗುಳಿಗಿ ಸರ್ಕಾರಿ ದವಾಖಾನ್ಯಾಗ ಸಿಕ್ಕವು. ತತ್ತಿ ಯಾರೂ ಕೊಡ್ಲಿಲ್ಲ, ಸಿರವಾರ ಕಡೆ ಭತ್ತದ ನಾಟಿ ಹಚ್ಚಾಕ ಹೋಗಿ ಕೂಲಿ ರೊಕ್ಕದಾಗ ನಾನ ಕೊಂಡು ತಂದೆ. ಮುತ್ಯಾ ಸೊಟ್ಟ ಕೈ ತಗೊಂಡು ಊರಿಗೆ ಬಂದ. ನಿಮ್ಮವ್ವ ಉಳಿದ್ಳು, ಒಳಗ ರೊಟ್ಟಿ ಬಡಿಯಾಕತ್ಯಾಳ ನೋಡ್ರಿ.

ಅದಕ್ಕ ಹೇಳ್ತೀನಿ, ಮನಿಗೆ ಬಂದವ್ರಿಗೆ ಛಲೋದ ಹಾಸ್ರಿ. ಆದ್ರ ಹಾಸೋಕಿಂತ ಮೊದ್ಲ, ಯಾಕ ಬಂದೀರಿ ಅಂತ ಕೇಳ್ರಿ.