ಚಂದ್ರಿಕೆ ಗೋಡೆ

ನೋಡು, ಮತ್ತೆ ಮಧ್ಯೆ ಬಾಯಿ ಹಾಕ್ದೆ. ಮೂರು ಸಲ ಶುರು ಮಾಡ್ದೆ, ಮೂರು ಸಲಾನೂ ನಿಂದೇ ಗಲಾಟೆ. ನೀರು ಬೇಕು, ಪೆನ್ಸಿಲ್ ಮುರೀತು, ಪಕ್ಕದ್ಮನೆ ನಾಯಿ ಬೊಗಳ್ತು. ಕೇಳಿದ್ದು ನೀನೇ ಅಲ್ವಾ ಸಿಂಚು, 'ನಮ್ಮನೇಲಿ ಯಾಕಮ್ಮ ಒಂದು ಸಾಮಾನೂ ಅಂಗಡಿಯಿಂದ ಬಂದಿಲ್ಲ' ಅಂತ? ಕೇಳ್ದೋಳು ಸುಮ್ನೆ ಕೂತು ಕೇಳ್ಬೇಕು. ಆ ಅವರೆಕಾಯಿ ಸುಲೀತಾ ಕೇಳು, ಕೈಗೂ ಒಸಿ ಕೆಲ್ಸ ಆಗ್ಲಿ.

ಎಲ್ಲಿದ್ದೆ? ಹಾಂ, ಬಿಡದಿ ಮನೆ. ಮನೆ ಅಂತೀನಿ, ಒಂದೇ ರೂಮು, ಬಾಗಿಲು ತೆಗೆದ್ರೆ ರಸ್ತೆ. ನಿಮ್ಮಪ್ಪನಿಗೆ ಫ್ಯಾಕ್ಟರೀಲಿ ಆಗಿನ್ನೂ ಕಾಂಟ್ರಾಕ್ಟ್ ಕೆಲ್ಸ, ಇವತ್ತಿದ್ರೆ ನಾಳೆ ಇಲ್ಲ. ನೀನು ಎಂಟು ತಿಂಗಳ ಕೂಸು, ಅಲ್ಲ ಅಲ್ಲ, ಹತ್ತು ತಿಂಗಳು, ಹಲ್ಲು ಬಂದಿತ್ತು, ನನ್ನ ಕಚ್ತಿದ್ದೆ. ಮಂಚ ನೋಡ್ಬೇಕಿತ್ತು ನೀನು! ಫ್ಯಾಕ್ಟರಿಗೆ ಮಷೀನ್ ಬಂದ ಮರದ ಪೆಟ್ಟಿಗೆ ಒಡೆದು ನಿಮ್ಮಪ್ಪನೂ ಅವ್ರ ಸ್ನೇಹಿತ್ರೂ ಸೇರ್ಕೊಂಡು ಮಾಡಿದ್ದು. ಹಲಗೆ ಮೇಲೆ ದೊಡ್ಡ ಬಾಣದ ಗುರುತು, ಈ ಕಡೆ ಮೇಲಿರ್ಬೇಕು ಅಂತ. ನಿಮ್ಮಪ್ಪ ದಿನಾ ಬಾಣದ ಕಡೆಗೇ ತಲೆ ಹಾಕಿ ಮಲಗೋರು. 'ತಿರುಗಿ ಮಲಗಿದ್ರೆ ಕಂಪನಿಯೋರು ಗ್ಯಾರಂಟಿ ಕೊಡಲ್ಲ' ಅನ್ನೋರು. ಬಾಗಿಲ ಪರದೆ ನಮ್ಮವ್ವನ ಹಳೇ ಸೀರೆ. ಬಟ್ಟೆ ತೂಗಾಕೋ ಗೂಟ ಚನ್ನಪಟ್ಟಣದ್ದು, ಬಣ್ಣ ಸರಿಯಾಗಿ ಕೂತಿಲ್ಲ ಅಂತ ಬೊಂಬೆ ಮಾಡೋರು ಪಕ್ಕಕ್ಕೆ ಎಸೆದಿದ್ದ ಮರದ ಗುಂಡುಗಳು. ಒಂದು ಅರ್ಧ ಕೆಂಪು, ಒಂದು ಅರ್ಧ ಹಳದಿ. ನಂಗಂತೂ ಆ ಅರ್ಧ ಬಣ್ಣಗಳೇ ಚೆಂದ.

ಆದ್ರೆ ರಸ್ತೇಲಿ ಹೋಗೋರೆಲ್ಲ ಒಳಗಡೆ ನೋಡ್ತಾರಲ್ಲ, ಅದೊಂದು ಕಷ್ಟ. ನಿಂಗೆ ಹಾಲು ಕುಡಿಸ್ಬೇಕು ಅಂದ್ರೆ ಗೋಡೆ ಕಡೆ ಮುಖ ಮಾಡಿ ಕೂರ್ಬೇಕು. ಒಂದು ಮರೆ ಬೇಕಿತ್ತು. ಕೋಡಿಹಳ್ಳಿ ಹತ್ರ ನಿಮ್ಮಜ್ಜಿ ಹಟ್ಟೀಲಿ, ರೇಷ್ಮೆ ಹುಳಿನ ಮನೆ ಹಿಂದೆ ಹಳೇ ಚಂದ್ರಿಕೆ ಆರು ಬಿದ್ದಿದ್ವು. ಚಂದ್ರಿಕೆ ಗೊತ್ತಲ್ಲ, ಬಾಗಿಲಗಲ ಬಿದಿರು ತಟ್ಟಿ, ಅದ್ರ ಮೇಲೆ ಬಿದಿರು ಪಟ್ಟೀನ ಸುತ್ತು ಸುತ್ತಾಗಿ ನಿಲ್ಲಿಸಿರ್ತಾರೆ. ಹುಳ ಹಣ್ಣಾದ್ಮೇಲೆ, ಅಂದ್ರೆ ಸೊಪ್ಪು ತಿನ್ನೋದು ಬಿಟ್ಟು ನೂಲು ಬಿಡೋ ಹೊತ್ಗೆ, ಅದ್ರೊಳಕ್ಕೆ ಬುಟ್ರೆ ಗೂಡು ಕಟ್ತವೆ. 'ಅತ್ತೆ, ಇವ ಒಯ್ಲಾ?' ಅಂದೆ. 'ಒಯ್ಯಿ. ಕೊಟ್ಟೆ ಅಂದ್ಕೋಬೇಡ ಮತ್ತೆ, ಬೇಕಾದಾಗ ಕೇಳ್ತೀನಿ' ಅಂದ್ರು ನಿಮ್ಮಜ್ಜಿ.

ಆರನ್ನೂ ಸಾಲಾಗಿ ಕಟ್ಟಿದ್ರೆ ಗೋಡೆ ಆಯ್ತು ಕಣೆ! ಆ ಪಟ್ಟಿ ಸಂದೀಲಿ ಚಮಚ, ಬಾಚಣಿಗೆ, ನಿನ್ನ ಕಾಲುಚೀಲ ಎಲ್ಲ ಸಿಕ್ಕಿಸ್ತಿದ್ದೆ. ಬೆಳಗ್ಗೆ ಬಿಸಿಲು ಬಿದ್ರೆ ನೆಲದ ತುಂಬ ಸುರುಳಿ ಸುರುಳಿ ನೆರಳು, ನೀನು ಅಂಬೆಗಾಲಿಟ್ಕೊಂಡು ಹೋಗಿ ನೆರಳು ಹಿಡಿಯೋಳು. ಅರಮನೆ ಕೊಟ್ರೂ ಬ್ಯಾಡ ಅನ್ನೋ ಹಂಗಿತ್ತು. ಒಂದೇ ತೊಂದ್ರೆ, ಆ ಸಂದೀಲೆಲ್ಲ ಸೊಳ್ಳೆ ಕೂರೋವು. ನಿನ್ನ ಕೆನ್ನೆ ಮೇಲೆಲ್ಲ ಗಂಧೆ. ಅದಕ್ಕೆ ದಿನಾ ಸಂಜೆ ಸ್ಪ್ರೇ ತಕೊಂಡು ಚಂದ್ರಿಕೆಗೇ ಬುಸ್ ಅಂತ ಹೊಡೀತಿದ್ದೆ.

ಒಂದಿನ ಬೆಳಗ್ಗೆ ಅಜ್ಜಿ ಫೋನು. 'ಪವೀ, ಹುಳ ಎಲ್ಲ ಒಟ್ಟಿಗೆ ಹಣ್ಣಾಗ್ಬುಟ್ಟವೆ ಕಣೆ. ಇರೋ ಚಂದ್ರಿಕೆ ಸಾಲ್ತಿಲ್ಲ, ಊರಲ್ಲಿ ಎಲ್ಲಾರ್ದೂ ಹಣ್ಣಾಗೈತೆ, ಬಾಡಿಗೆಗೂ ಒಂದು ಇಲ್ಲ. ಆರೂ ತಕೊಂಡು ಬಂದ್ಬುಡು.' ತಿಂಗಳು ಪೂರ್ತಿ ಸೊಪ್ಪು ಹೆಚ್ಚಿ ಹಾಕಿ ಸಾಕಿದ್ದ ಹುಳ. ಸಂಜೆಯೊಳಗೆ ಕಟ್ಟೋಕೆ ಜಾಗ ಸಿಗ್ಲಿಲ್ಲ ಅಂದ್ರೆ ನೂಲೆಲ್ಲ ನೆಲಕ್ಕೆ ಸುರಿದು ಹಾಳಾಗೋವು. ಆ ಬೆಳೇಲೇ ಅವ್ರ ಮುಂದಿನ ಜೀವನ. ನಾನೋ ದಿನಾ ಸ್ಪ್ರೇ ಹೊಡ್ದಿದೀನಿ. ಸೊಳ್ಳೆ ಸಾಯೋ ಔಷಧಿಗೆ ಹುಳ ಬದುಕುತ್ತಾ? ನಿಮ್ಮಪ್ಪ ಏನಂದ್ರು ಗೊತ್ತಾ? 'ಬಿಸಿಲಿಗೆ ಒಡ್ಡಿ ಕಳ್ಸು. ಹುಳ ಸಾಯಕ್ಕೆ ಹತ್ತು ಕಾರಣ ಇರ್ತವೆ, ಯಾರಿಗ್ ಗೊತ್ತಾಯ್ತದೆ?' ನಾನೂ, ಸುಳ್ಳು ಯಾಕೆ ಹೇಳ್ಲಿ, ಬಿಚ್ಚಿ ಹೊರಗಡೆ ಬಿಸಿಲಿಗೆ ನಿಲ್ಲಿಸ್ದೆ. ಮೂಸಿದ್ರೆ ಇನ್ನೂ ಘಾಟು.

ಹಂಗೇ ನಿಂತಿದ್ದಾಗ ಮಹಡಿ ಮೆಟ್ಟಿಲ ಕೆಳಗಡೆ ಕಣ್ಣು ಹೋಯ್ತು. ಫ್ಯಾಕ್ಟರಿಗೆ ಸಣ್ಣ ಸಣ್ಣ ಸಾಮಾನು ಬರೋ ಪೆಟ್ಟಿಗೇಲಿ ರಟ್ಟಿನ ಖಾನೆ ಇರ್ತವೆ, ಎರಡು ಬೆರಳು ಹಿಡಿಯೋ ಅಷ್ಟಗಲ. ಬಿಸಾಕ್ತಾರೆ ಅಂತ ನಿಮ್ಮಪ್ಪನ ಕೈಲಿ ತರ್ಸಿ ತರ್ಸಿ ನನ್ನ ಸೊಂಟದುದ್ದ ಪೇರಿಸಿದ್ದೆ. ಏನಕ್ಕೆ ಅಂದ್ರೆ ನಂಗೇ ಗೊತ್ತಿರ್ಲಿಲ್ಲ. ಹುಳಕ್ಕೆ ಬೇಕಿರೋದು ಒಂದೊಂದಕ್ಕೆ ಒಂದೊಂದು ಸಂದಿ ತಾನೆ? ಆಗ ಫೋನ್ ಮಾಡ್ದೆ. 'ಅತ್ತೆ, ಚಂದ್ರಿಕೆ ಬ್ಯಾಡ. ಅದಕ್ಕೆ ಸೊಳ್ಳೆ ಔಷಧಿ ಹೊಡ್ದಿದೀನಿ.'

ಶುರುವಾಯ್ತು ನೋಡು. 'ಹುಳಿನ ಸಾಮಾನಿಗೆ ಇಸ ಹೊಡ್ದ್ಯೇನೆ? ಪೌಡ್ರು ಹಾಕ್ಕೊಂಡು ಬಂದೋರನ್ನೇ ಹುಳಿನ ಮನೆ ಒಳಕ್ಕೆ ಬುಡಲ್ಲ ನಾನು!'

'ಬೈಯೋದು ಆಮೇಲೆ ಬೈಯಿರಿ. ರಟ್ಟು ತತ್ತೀನಿ, ಅದ್ರಲ್ಲಿ ಕಟ್ತವೆ.'

'ರಟ್ಟಾ? ಗುಜರಿ ಅಂಗಡಿ ಮಡಗಿದ್ದೀಯೇನೆ?'

'ಹೂಂ ಅತ್ತೆ, ಇವತ್ತು ಓಪನ್ ಐತೆ.'

ಒಂದೊಂದೇ ಮೂಸಿದೆ. ಮಷೀನ್ ಎಣ್ಣೆ ವಾಸ್ನೆ ಇದ್ದಿದ್ದೆಲ್ಲ ಆಚೆಗೆ. ಸುಮಾರು ಅರ್ಧ ಉಳೀತು. ಎರಡು ಮೂಟೆ, ಬಗಲಲ್ಲಿ ನೀನು. ರಾಮನಗರದಲ್ಲಿ ಬಸ್ ಬದಲಾಯಿಸ್ಬೇಕಾದ್ರೆ ಕಂಡಕ್ಟರು, 'ಏನಮ್ಮ, ಮೊಟ್ಟೆ ಯಾಪಾರವಾ?' 'ಇಲ್ಲಣ್ಣ, ಬಾಡಿಗೆ ಮನೆ. ನಿಮ್ಗೂ ಬೇಕಾ ಒಂದು?' ಅಂದೆ. ನಕ್ಕು ಹಿಂದಿನ ಸೀಟು ಖಾಲಿ ಮಾಡಿಸ್ಕೊಟ್ರು. ಕನಕಪುರ ದಾಟಿ ಕೋಡಿಹಳ್ಳೀಲಿ ಇಳಿದು ಹಟ್ಟಿ ಸೇರೋ ಹೊತ್ಗೆ ಮೂರು ಗಂಟೆ. ಅಜ್ಜಿ ನನ್ನ ಮುಖ ನೋಡ್ಲಿಲ್ಲ, ರಟ್ಟು ಕಿತ್ಕೊಂಡು ಮೂಸಿದ್ರು, ಹಾಸಿದ್ರು, ಹುಳ ಬುಟ್ರು. ಹುಳ ಸುಮ್ನೆ ಓಡಾಡ್ತವೆ ಓಡಾಡ್ತವೆ, ಒಂದೂ ಒಳಕ್ಕಿಳೀತಿಲ್ಲ. ಕೆಲವು ಗೋಡೆ ಹತ್ತಿದ್ವು. ಆಮೇಲೆ ಒಂದು ಮೆಲ್ಲಗೆ ಒಂದು ಖಾನೆಗೆ ತಲೆ ಇಕ್ತು. ಅದ್ರ ಹಿಂದೆ ಇನ್ನೊಂದು. ದೀಪ ಹಚ್ಚೋ ಹೊತ್ಗೆ ಖಾನೆ ಖಾನೇಲೂ ಬೆಳ್ಳಗೆ ಎಳೆ.

ನಾನು ಅಲ್ಲೇ ಉಳ್ಕೊಂಡೆ. ಐದನೇ ದಿನ ಗೂಡು ಬಿಡಿಸಿದ್ವಿ. ಎಲ್ಲ ಉಳೀತು ಅನ್ನಲ್ಲ, ಗೋಡೆ ಹತ್ತಿದ್ದು ಹೋಯ್ತು. ಆದ್ರೆ ರಟ್ಟಿಂದು ಗಟ್ಟಿ ಗೂಡು, ಮೊಲದ ಬಾಲ ಇದ್ದಂಗೆ. ಅಕ್ಕಪಕ್ಕದೋರೆಲ್ಲ ಬಂದು 'ಎಲ್ಲಿ ಸಿಕ್ತವ್ವ ಇದು?' ಅಂತ ಕೇಳೋರೇ ಕೇಳೋರು. ಅಜ್ಜಿ ಸೆಟೆದು ಕೂತು, 'ನಮ್ ಸೊಸೆ ಅಂಗಡೀದು' ಅನ್ನೋರು. ಅದಕ್ಕೇ ಹೇಳೋದು ಸಿಂಚು, ಹಳೇ ಸಾಮಾನು ಅಂದ್ರೆ ಬಿಟ್ಟಿ ಸಾಮಾನಲ್ಲ. ಯಾರ ಮನೇದು, ಏನಕ್ಕಿತ್ತು ಅನ್ನೋದ ಮರೀಬಾರ್ದು.

ಅವತ್ತು ಎಲ್ಲಾರೂ ಹೋದ್ಮೇಲೆ ನಾವಿಬ್ರೇ ಕೂತು ಬಿಡಿಸ್ತಿದ್ವಿ, ನೀನು ಅಜ್ಜಿ ತೊಡೆ ಮೇಲೆ ನಿದ್ದೆ. ತಲೆ ಎತ್ತದೇ ಕೇಳಿದ್ರು:

'ಪವೀ, ಈ ರಟ್ಟು ನಿನ್ ಹತ್ರ ಇಲ್ದೇ ಇದ್ದಿದ್ರೆ, ಔಷಧಿ ಹೊಡ್ದಿದ್ದ ನಂಗೆ ಹೇಳ್ತಿದ್ಯಾ?'

ಇಷ್ಟುದ್ದ ನಾಲಿಗೆ ಇರೋಳು ನಾನು. ಅವತ್ತು ಇನ್ನೊಂದು ರಟ್ಟು ಎಳ್ಕೊಂಡು ಗೂಡು ಬಿಡಿಸ್ತಾ ಕೂತೆ.